ಮಾಮಾನ ರವಿವಾರದ ಕ್ಷೌರ

ಒಳ್ಳೆಯ ಹುಡುಗರನ್ನು ಹಾಳು ಮಾಡುವ ಕಲೆಯಲ್ಲಿ ನನ್ನ ಸೋದರಮಾವನನ್ನು ಮೀರಿಸುವವರು ಬಸವಕಲ್ಯಾಣದಲ್ಲಿ ಇರಲಿಲ್ಲ! ಇಸ್ಪೀಟು ಕಲಿಸುವವರಿದ್ದರು, ಸಿಂದಿ ಅಂಗಡಿಯ ದಾರಿ ತೋರಿಸುವವರಿದ್ದರು. ಅವರ ಕೈಗೆ ಸಿಕ್ಕವರು ಎಂದಾದರೊಂದು ದಿನ ಸುಧಾರಿಸುತ್ತಿದ್ದರು. ಮಾಮಾನ ಕೈಗೆ ಸಿಕ್ಕ ಎಮ್ಮೆಸ್ಸಿ ಹುಡುಗರು ಮಾತ್ರ ಯಾವ ನೌಕರಿಗೂ ಒಗ್ಗದಂತೆ ತಯಾರಾಗುತ್ತಿದ್ದರು. ಇದು ನನ್ನ ಮಾತಲ್ಲ, ಆ ಹುಡುಗರ ಅಪ್ಪ ಅಮ್ಮಂದಿರ ಮಾತು. ನನ್ನ ಅವ್ವನಂತೂ ಸ್ವಂತ ತಮ್ಮನೆಂಬ ದಾಕ್ಷಿಣ್ಯವೂ ಇಲ್ಲದೆ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದಳು.

ಮಾಮಾ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮಾಸ್ತರ. ಎಂಬತ್ತರ ದಶಕದ ಆ ದಿನಗಳಲ್ಲಿ ಗುಲಬರ್ಗಾದಿಂದ ಎಮ್ಮೆಸ್ಸಿ ಮುಗಿಸಿ ಬಂದು ಮನೆಯಲ್ಲಿ ಕೂತ ಹುಡುಗರು ಸುತ್ತಲಿನ ಊರುಗಳಲ್ಲಿ ಬೇಕಾದಷ್ಟಿದ್ದರು. ರವಿವಾರ ಬೆಳಿಗ್ಗೆ ಅವರೆಲ್ಲ ಮಾಮಾನ ಮನೆಯ ಕಟ್ಟೆಯ ಮೇಲೆ ಹಾಜರು. ಸಂದರ್ಶನಕ್ಕೆ ತಯಾರು ಮಾಡುತ್ತಾರೆಂಬ ಆಸೆ, ಪಾಪ! ಮಾಮಾ ಕನ್ನಡಿ, ಬ್ಲೇಡು, ಕೊಯ್ದಲ್ಲಿ ಉಜ್ಜುವ ಫಟಕಡಿ ಹರಳು ಇಟ್ಟುಕೊಂಡು ಎದುರು ಕೂತು, ಗಲ್ಲಕ್ಕೆ ಸಾಬೂನು ಹಚ್ಚಿಕೊಂಡು ಅಪ್ಪಣೆ ಕೊಡುತ್ತಿದ್ದ.

"ಈ ವಾರ ಏನ್ ತಪ್ಪು ಮಾಡ್ದಿರಿ? ಯಾಕ ಮಾಡ್ದಿರಿ? ನನ್ನ ದಾಡಿ ಮುಗಿಯೂತನಕ ಇಚಾರ ಮಾಡ್ರಿ. ಯಾರೂ ಮಾತಾಡಬ್ಯಾಡ್ರಿ."

ಕಟ್ಟೆಯ ಮೇಲೆ ಬ್ಲೇಡಿನ ಕರಕರ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮುಖ ತೊಳೆದ ಮೇಲೆ ಒಬ್ಬೊಬ್ಬರೂ ತಮ್ಮ ತಪ್ಪು ಒಪ್ಪಿಸಬೇಕು. "ಏನೂ ತಪ್ಪು ಮಾಡಿಲ್ರಿ ಸರ್" ಎಂದು ಯಾರಾದರೂ ಅಂದರೋ, ಕೆಟ್ಟರು! "ಹಾಂಗಾದ್ರ ನೀ ಈ ವಾರ ಕೆಲಸಾನೇ ಮಾಡಿಲ್ಲ ಬಿಡು" ಎಂದು ಮಾಮಾ ನುಣ್ಣಗಾದ ಗಲ್ಲಕ್ಕೆ ಮತ್ತೆ ಸಾಬೂನು ಹಚ್ಚುತ್ತಿದ್ದ. ಪ್ರಾಮಾಣಿಕರು ಕಡಿಮೆ ಇದ್ದ ವಾರ ಅವನ ಮುಖ ಕೆಂಪೇರಿ, ಸೋಮವಾರ ಕಾಲೇಜಿನಲ್ಲಿ ಎಲ್ಲರೂ ಬಿಸಿಲು ಬಡಿದಿದೆ ಅಂದುಕೊಳ್ಳುತ್ತಿದ್ದರು.

ಈ ಹುಚ್ಚು ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಎಲ್ಲಿಂದ ಬಂತೆಂದು ಊರಿಗೇ ಗೊತ್ತಿತ್ತು. ಘಾಟಬೋರಾಳದ ಹುಡುಗನೊಬ್ಬ ಅವನ ಶಿಷ್ಯರಲ್ಲೆಲ್ಲ ಜಾಣ. ಸೋಲಾಪುರದ ಆಚೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೋದ ಮೊದಲನೆಯ ವಾರವೇ ಮೇಲಿನವರು ಒಂದು ಪೀಪಾಯಿ ತೋರಿಸಿ, ಇದನ್ನು ಬೆರೆಸುವುದು ಗೊತ್ತಿದೆಯೇ ಎಂದು ಕೇಳಿದರಂತೆ. ಎಮ್ಮೆಸ್ಸಿ ಆದವನು ಗೊತ್ತಿಲ್ಲ ಅನ್ನುವುದು ಹೇಗೆ? ಗೊತ್ತಿದೆ ಅಂದ. ಊರಿಗೆ ಲಾರಿಯಲ್ಲಿ ಬಂದ, ಬಟ್ಟೆಯಲ್ಲಿ ಸುತ್ತಿಸಿಕೊಂಡು. ಮುಖ ತೆರೆದು ತೋರಿಸಲಿಲ್ಲ. ಮಣ್ಣು ಮಾಡುವಾಗ ಹೋಗಿದ್ದ ಮಾಮಾನ ಕೈ ಹಿಡಿದು ಹುಡುಗನ ಅಪ್ಪ, "ಸರ್, ನಿಮ್ಮ ಕಡಿ ಎಲ್ಲಾ ಕಲತಿದ್ದನಲ್ರಿ?" ಎಂದು ಕೇಳಿದರಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮುಂದಿನ ರವಿವಾರದಿಂದ ಕಟ್ಟೆಯ ಮೇಲೆ ಈ ಕ್ಷೌರ ಶುರುವಾಯಿತು.

ಇದರ ಫಲ ನೋಡಿ! ಬೇಮಳಖೇಡದ ಶಿಷ್ಯನೊಬ್ಬ ಹೈದರಾಬಾದಿಗೆ ಸಂದರ್ಶನಕ್ಕೆ ಹೋದ. "ನಿಮ್ಮ ಬಗ್ಗೆ ಹೇಳಿ" ಎಂದರು ಸಾಹೇಬರು. ಬೇರೆಯವರಾಗಿದ್ದರೆ ಪದಕ, ರ‍್ಯಾಂಕು ಹೇಳುತ್ತಿದ್ದರು. ಇವನು ರವಿವಾರದ ರೂಢಿಯಂತೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ವಿಚಾರ ಮಾಡಿ, ಪ್ರಯೋಗಶಾಲೆಯಲ್ಲಿ ತಾನು ಒಡೆದ ಗಾಜಿನ ಬ್ಯೂರೆಟ್ಟು, ಬಂದ್ ಮಾಡಲು ಮರೆತ ಗ್ಯಾಸು, ಬಾರದ ಉತ್ತರವನ್ನು ಬಂದಿದೆಯೆಂದು ಬರೆದದ್ದು, ಎಲ್ಲ ಕಾರಣಸಹಿತ ಒಪ್ಪಿಸಿದ. ಅರ್ಧಕ್ಕೇ ಹೊರಗೆ ಕಳಿಸಿದರು. ಸುದ್ದಿ ತಿಳಿದ ಮಾಮಾ ಕಟ್ಟೆಯ ಮೇಲೆ ಪೇಡಾ ಹಂಚಿದ! ಹುಡುಗನ ತಾಯಿ ಬಸ್ಸು ಹಿಡಿದು ಜಗಳಕ್ಕೇ ಬಂದಳು.

"ನನ್ನ ಮಗನ ನೌಕರಿ ಹೋಗ್ಯದ. ನೀವು ಪೇಡಾ ತಿನ್ನಾಕತ್ತೀರಲ್ರಿ ಮಾಸ್ತರ್ರ, ದಿಮಾಗ್ ನೆಟ್ಟಗದ ಏನ್ರಿ?"

"ನೌಕರಿ ಹೋಗ್ಯದ, ಹುಡುಗ ಮನ್ಯಾಗ ಅದಾನಲ್ರಿ ತಾಯಿ" ಎಂದು ಮಾಮಾ ಆಕೆಗೂ ಒಂದು ಪೇಡಾ ಕೊಟ್ಟ. ಆಕೆ ಅದನ್ನು ಅಂಗಳಕ್ಕೆ ಎಸೆದು ಹೋದಳು. ತಪ್ಪೇನು? ಮಗನ ಓದಿಗಾಗಿ ಆಕೆ ಸಾಕಿದ ಎಮ್ಮೆ ಮಾರಿದ್ದಳು.

ಆಮೇಲೆ ನನ್ನ ಸರದಿ. ಅಪ್ಪ ತೀರಿಕೊಂಡಿದ್ದ. ನಾನೂ ಎಮ್ಮೆಸ್ಸಿ ಮುಗಿಸಿ ಮನೆಯಲ್ಲಿದ್ದೆ. ಭಾಲ್ಕಿಯಿಂದ ಎರಡನೆಯ ಸಂಬಂಧದ ವರನೊಬ್ಬ ನನ್ನನ್ನು ಒಪ್ಪಿದ್ದ. ವರ ಎನ್ನಲು ಅಡ್ಡಿಯಿರಲಿಲ್ಲ, ಅವನ ದೊಡ್ಡ ಮಗಳು ನನಗಿಂತ ಸ್ವಲ್ಪವೇ ಚಿಕ್ಕವಳು! ಹುಮನಾಬಾದಿನ ಔಷಧ ಕಾರ್ಖಾನೆಯಿಂದ ಸಂದರ್ಶನದ ಕರೆ ಬಂದಾಗ ಅವ್ವ ಕಡ್ಡಿ ಮುರಿದಂತೆ ಹೇಳಿದಳು: "ನೌಕರಿ ಸಿಕ್ರ ನಿನ್ನ ದಾರಿ ನಿಂದು. ಸಿಗಲಿಲ್ಲಂದ್ರ ದೀಪಾವಳಿ ಮುಗದ ಮ್ಯಾಲ ಲಗ್ನ. ಆ ನಿನ್ನ ಮಾಮಾನ ಕಟ್ಟಿ ಹತ್ತೀದಿ, ಜ್ವಾಕಿ!"

ಕಟ್ಟೆ ಹತ್ತಲಿಲ್ಲ. ಆದರೆ ಸಂದರ್ಶನದ ದಿನ ಮಾಮಾ ಹುಮನಾಬಾದಿನ ಬಸ್ಸು ಹತ್ತಿ ನನ್ನ ಪಕ್ಕದಲ್ಲೇ ಕೂತ. ರಾಜೇಶ್ವರ ಊರು ದಾಟುವವರೆಗೂ, "ಕಿಡಕಿ ಕಡಿ ನೋಡು. ನಿನಗ ಏನ್ ಬರಂಗಿಲ್ಲ, ಇಚಾರ ಮಾಡು" ಎಂದು ಒಂದೇ ಹಠ. ನಾನು ವಿಚಾರ ಮಾಡಿದ್ದು ಭಾಲ್ಕಿಯವನ ಮೀಸೆಯ ಬಗ್ಗೆ ಮಾತ್ರ.

ಸಂದರ್ಶನದಲ್ಲಿ ಪದಕದ ಮಾತು, ಪಾಠದ ಮಾತು ಎಲ್ಲ ಚೆನ್ನಾಗಿಯೇ ಆಯಿತು. ಕೊನೆಗೆ ಬೋಳುತಲೆಯ ಸಾಹೇಬರೊಬ್ಬರು ಮೇಜಿನ ಮೇಲಿನ ಕಂದು ಬಾಟಲಿ ತೋರಿಸಿ, "ಇದರ ಕೂಡ ಕೆಲಸ ಮಾಡೋದು ಗೊತ್ತದ ಏನಮ್ಮ?" ಎಂದರು. ಗೊತ್ತಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದು ಶಬ್ದದ ಮೇಲೆ ನನ್ನ ಇಡೀ ಬಾಳು ನಿಂತಿತ್ತು. ಬಾಟಲಿಯ ಕಡೆ ಮತ್ತೊಮ್ಮೆ ನೋಡಿದೆ.

"ಗೊತ್ತಿಲ್ರಿ ಸರ್" ಎಂದೆ. "ಕೇಳಿ ತಿಳಕೊಂಡು ಆಮ್ಯಾಲ ಮುಟ್ತೀನ್ರಿ."

ಸಾಹೇಬರು ನಗಲಿಲ್ಲ. ಪಕ್ಕದವರ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಮೊನ್ನೆ ಆ ಹುಡುಗ ಇಷ್ಟು ಅಂದಿದ್ರ ಸಾಕಾಗ್ತಿತ್ತು" ಅಂದರು. ಆ ಹುಡುಗ ಯಾರು, ಏನಾದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೆಲಸ ಸಿಕ್ಕಿತು. ಭಾಲ್ಕಿಯ ಮೀಸೆಗೆ ಬೇರೆ ಕಡೆ ಹೆಣ್ಣು ನೋಡಿದರು. ಅವ್ವ ದೇವರಿಗೆ ಕಾಯಿ ಒಡೆಸಿದಳು, ತಮ್ಮನಿಗೆ ಮಾತ್ರ ಒಂದು ಒಳ್ಳೆಯ ಮಾತು ಆಡಲಿಲ್ಲ.

ಮೊದಲನೆಯ ದಿನ ಕೆಲಸ ಮುಗಿಸಿ ಸಂಜೆ ಹೊರಗೆ ಬಂದರೆ ಗೇಟಿನ ಆಚೆ ಬೇವಿನ ಗಿಡಕ್ಕೆ ಒರಗಿಕೊಂಡು ಮಾಮಾ! ಕಾವಲುಗಾರ ನನ್ನನ್ನು ಕರೆದು ಹೇಳಿದ: "ಮುಂಜಾನಿಂದ ನಿಂತಾರ್ರಿ. ಕುಂದರ್ರಿ ಅಂದ್ರ ಕುಂದರವಲ್ಲರು. ಒಳಗ ಏನರೆ ಸಪ್ಪಳಾದ್ರ ಸಾಕು, ಓಡಿ ಬಂದು ಗೇಟ್ ಹಿಡಕೊಳ್ಳಾಕತ್ತಿದ್ರು."

ರವಿವಾರದ ಪ್ರಶ್ನೆ ಇಲ್ಲೇ ಬರುತ್ತದೆಂದು ನಾನೇ ಮುಂದಾಗಿ, "ಮಾಮಾ, ಇವತ್ತ ನಾ ಒಂದು ತಪ್ಪು..." ಎಂದೆ. ಅವನಿಗೆ ಅದು ಬೇಕಿರಲಿಲ್ಲ. ಬಳೆಗಾರನ ಹಾಗೆ ನನ್ನ ಎರಡೂ ಕೈ ಹಿಡಿದು, ಅಂಗೈ ನೋಡಿದ, ತಿರುವಿ ಹಿಂಗೈ ನೋಡಿದ, ಒಂದೊಂದೇ ಬೆರಳು ಒತ್ತಿ ನೋಡಿದ. ಆಮೇಲೆ ನನ್ನ ಮುಖವನ್ನು ತುಂಬಾ ಹೊತ್ತು ನೋಡಿದ. ಇಷ್ಟು ವರ್ಷ ನಾವೆಲ್ಲ ನಕ್ಕ ಮನುಷ್ಯ ಎಂಥ ಹೆದರಿಕೆ ಹೊತ್ತುಕೊಂಡು ತಿರುಗುತ್ತಿದ್ದಾನೆಂದು ಆಗ ನನಗೆ ಕಂಡಿತು.

"ನಾಳಿಗೆ ಬರಬ್ಯಾಡ ಮಾಮಾ, ಬಿಸಲಾಗ ನಿಂದರಬ್ಯಾಡ" ಎಂದೆ.

"ಹೂಂ, ಬರಂಗಿಲ್ಲವ್ವಾ" ಎಂದ.

ಆ ವಾರ ಪೂರ್ತಿ ದಿನಾ ಬಂದ.