ಕೋಡು ಮೂಡಿದ ಮಣ್ಣಿನ ಮಾದರಿ

ಮಣ್ಣು ಪರೀಕ್ಷೆ ಮಾಡಿಸುವಷ್ಟು ಸರಳ ಕೆಲಸ ಇನ್ನೊಂದಿಲ್ಲ ಎಂದು ನಾನು ನಂಬಿದ್ದೆ. ಹೊಲದ ಮಣ್ಣು ತರಬೇಕು, ಒಣಗಿಸಬೇಕು, ಪ್ರಯೋಗಾಲಯಕ್ಕೆ ಕೊಡಬೇಕು. ಇದರಲ್ಲಿ ಎಡವಲು ಜಾಗವಾದರೂ ಎಲ್ಲಿದೆ?

ಇತ್ತು!

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ನನ್ನ ಹೆಂಡತಿ ಶಾಂತಾಳ ತವರು ಖಾನಾಪುರ ತಾಲೂಕಿನ ನಂದಗಡ. ಅಲ್ಲಿ ಇಳಿಜಾರಿನ ನಡುವೆ ಅವರದೊಂದು ಹೊಲವಿದೆ. ಮೇಲಿನ ಹೊಲದಂತೆ ಪೂರ್ತಿ ಕೆಂಪಲ್ಲ, ಕೆಳಗಿನ ಗದ್ದೆಯಂತೆ ಪೂರ್ತಿ ಕಪ್ಪೂ ಅಲ್ಲ. ನೀರು ಹಿಡಿದಿಡುವ ಜಿಗುಟು ಮಣ್ಣಾದರೆ ಭತ್ತ ಚೆನ್ನ. ನೀರು ಬಸಿದುಹೋಗುವ ಮಣ್ಣಾದರೆ ಗೋವಿನಜೋಳ, ಅಂದರೆ ಮೆಕ್ಕೆಜೋಳ. ಅತ್ತೆ ಭತ್ತವೇ ಆಗಬೇಕೆಂದರು. ಅವರ ಮಗ, ಶಾಂತಾಳ ತಮ್ಮ ಈರಣ್ಣ ಗೋವಿನಜೋಳವೇ ಎಂದ. ಮಾತಿಗೆ ಮಾತು ಬೆಳೆದು, ಅತ್ತೆ ಸಿಟ್ಟಿನಿಂದ ಬೆಳಗಾವಿಗೆ, ಅನಗೋಳದ ನಮ್ಮ ಮನೆಗೆ ಬಂದುಬಿಟ್ಟರು. ತಾಯಿ ಮಗ ಫೋನಿನಲ್ಲೂ ಮಾತು ಬಿಟ್ಟರು. ಮಳೆ ಶುರುವಾಗಿತ್ತು. ಹೊಲ ಖಾಲಿ ಬಿದ್ದಿತ್ತು.

“ಜಗಳ ಯಾಕ? ಮಣ್ಣ ತಪಾಸಣಿ ಮಾಡಸೂಣು. ವರದಿ ಏನ ಹೇಳತೈತಿ ಹಂಗ ಮಾಡ್ರಿ” ಎಂದು ನಾನು ನ್ಯಾಯಾಧೀಶನ ಗಾಂಭೀರ್ಯದಿಂದ ಘೋಷಿಸಿದೆ.

ಆಶ್ಚರ್ಯವೆಂದರೆ ಇಬ್ಬರೂ ಒಪ್ಪಿದರು. ಬೇಡವೆಂದವಳು ಶಾಂತಾ ಒಬ್ಬಳೇ. “ನಿಮಗ್ಯಾಕರೀ ಊರ ಉಸಾಬರಿ? ಹಾಲಿನ ಪಾಕೀಟ ತರಾಕ ಹೋಗಿ ಮೊಸರ ತರಾವ್ರು ನೀವು.”

ಅವಳ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊಬೈಲಿನಲ್ಲಿ ವಿಧಾನವನ್ನೆಲ್ಲ ನೋಡಿಕೊಂಡು ನಂದಗಡಕ್ಕೆ ಹೋದೆ. ಹೊಲದಲ್ಲಿ ಅಲ್ಲಲ್ಲಿ ಗುಂಡಿ ತೋಡಿ, ಗುಂಡಿಯ ಗೋಡೆಯಿಂದ ಮಣ್ಣು ಕೆತ್ತಿ, ಎಲ್ಲ ಬೆರೆಸಿದೆ. ಅದನ್ನು ಹರವಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಬೇಕು. ಬೇಕಾದಷ್ಟೇ ಉಳಿಯುವವರೆಗೆ ಹಾಗೇ ಮಾಡಬೇಕು. ನಾನು ಎಷ್ಟು ನಿಷ್ಠೆಯಿಂದ ಚೆಲ್ಲಿದೆನೆಂದರೆ, ಕೊನೆಗೆ ಒಂದು ಹಿಡಿ ಮಣ್ಣು ಉಳಿಯಿತು.

ಬದುವಿನ ಮೇಲೆ ಕೂತಿದ್ದ ಈರಣ್ಣ ಕೇಳಿದ, “ಮಾಮಾ, ಇದು ತಪಾಸಣಿಗೋ, ವಿಭೂತಿ ಹಚ್ಕೊಳ್ಳಾಕೋ?”

ಮತ್ತೆ ಮೊದಲಿನಿಂದ ತೋಡಿದೆ. ಸೊಂಟ ಹಿಡಿಯಿತು. ಆದರೆ ಮಾದರಿ ಸಿಕ್ಕಿತು!

ಮಣ್ಣು ಹಸಿಯಾಗಿತ್ತು. ನೆರಳಿನಲ್ಲಿ ಒಣಗಿಸಬೇಕು ಎಂಬುದು ನಿಯಮ. ಹೊರಗೆ ಬೆಳಗಾವಿಯ ಜಿಟಿಜಿಟಿ ಮಳೆ. ಆದ್ದರಿಂದ ನಡುಮನೆಯಲ್ಲಿ ಪೇಪರ್ ಹಾಸಿ, ಮಣ್ಣು ಹರವಿ, ಮೇಲೆ ಫ್ಯಾನ್ ಹಚ್ಚಿದೆ. ಕಲ್ಲು, ಬೇರು ಆರಿಸಿ ತೆಗೆದೆ. ಬದಿಗೆ ಒಂದು ರಟ್ಟು ನಿಲ್ಲಿಸಿ ದಪ್ಪ ಅಕ್ಷರದಲ್ಲಿ ‘ಯಾರೂ ಮುಟ್ಟಬಾರದು’ ಎಂದು ಬರೆದೆ. ಇದಕ್ಕಿಂತ ಹೆಚ್ಚಿನ ಎಚ್ಚರಿಕೆಯನ್ನು ಮನುಷ್ಯಮಾತ್ರರು ವಹಿಸಲಾರರು ಎಂದುಕೊಂಡು ಆಫೀಸಿಗೆ ಹೋದೆ.

ಆ ದಿನ ಮಣ್ಣೆತ್ತಿನ ಅಮಾವಾಸ್ಯೆ ಎಂಬುದು ನನ್ನ ಲಕ್ಷ್ಯದಲ್ಲಿರಲಿಲ್ಲ.

ಸಂಜೆ ಬಂದಾಗ ಪೇಪರ್ ಖಾಲಿ. ದೇವರ ಕೋಣೆಯಲ್ಲಿ ಮಣ್ಣಿನ ಎತ್ತಿನ ಜೋಡಿ! ಕೊರಳಿಗೆ ಹೂವು, ಹಣೆಗೆ ಕುಂಕುಮ. ಮುಂದೆ ಮಣ್ಣಿನದೇ ಗ್ವಾದಲಿ, ಅಂದರೆ ಎತ್ತುಗಳು ಮೇವು ತಿನ್ನುವ ದೋಣಿ. ಅದರಲ್ಲಿ ಜೋಳದ ಕಾಳು. ಅತ್ತೆಯ ಕಣ್ಣಲ್ಲಿ ನೀರು.

“ಪ್ಯಾಟ್ಯಾಗ ಎಲ್ಲಾರೂ ಮಾಡಿದ್ದ ಎತ್ತ ತರತಾರ. ನಮ್ಮ ಅಳಿಯಾರು ನೋಡ್ರಿ, ನಮ್ಮ ಹೊಲದ ಮಣ್ಣಽ ತಂದ್ರು!” ಎಂದು ಆರತಿಗೆ ಬಂದಿದ್ದ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. “ಅತ್ತೀ, ಅದು ತಪಾಸಣಿ ಮಣ್ಣರೀ.”

“ತಪಾಸಣಿಗೆ ಸೀಸೇದಾಗ ಒಂದೀಟ ಒಯ್ಯತಾರಲ್ಲರೀ, ರಕ್ತ ಒಯ್ದಂಗ?”

“ಮುಟ್ಟಬಾರದು ಅಂತ ಬರದಿದ್ದೆ!”

“ಓದೇನಿ ತಗೋರಿ. ಅದಕ್ಕಽ ತಲಿಮ್ಯಾಲೆ ನೀರ ಹಾಕ್ಕೊಂಡು, ಮಡೀಲೆ ಮುಟ್ಟೇನಿ.”

ಶಾಂತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದ ಬಂದ ಸದ್ದು ಕೆಮ್ಮಿನದಲ್ಲ.

ಮರುದಿನ, ಎತ್ತುಗಳನ್ನು ನಾನೇ ನೀರಿಗೆ ಬಿಟ್ಟುಬರುತ್ತೇನೆಂದು ಮನೆಯಲ್ಲಿ ಹೇಳಿ ಅವನ್ನೂ ಗ್ವಾದಲಿಯನ್ನೂ ಡಬ್ಬಿಯಲ್ಲಿಟ್ಟುಕೊಂಡು ನೇರವಾಗಿ ಪ್ರಯೋಗಾಲಯಕ್ಕೆ ನಡೆದೆ. ಎತ್ತಾದರೇನು, ಒಳಗಿರುವುದು ಅದೇ ಮಣ್ಣಲ್ಲವೇ? ಅಲ್ಲಿದ್ದ ಕನ್ನಡಕದವರು ಡಬ್ಬಿ ತೆರೆದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಏನ್ರಿ ಇದು?”

“ಮಣ್ಣಿನ ಮಾದರಿ.”

“ಮಾದರಿಗೆ ಕೋಡ ಅದಾವಲ್ಲರೀ!”

ನಡೆದದ್ದನ್ನು ಹೇಳಿದೆ. ಅವರು ಎರಡೂ ಕೈ ಹಿಂದಕ್ಕೆಳೆದುಕೊಂಡರು. “ತಪಾಸಣಿಗೆ ಕುಟ್ಟಿ ಪುಡಿ ಮಾಡಬೇಕಾಗತೈತಿ. ನಿನ್ನೆ ಪೂಜಾ ಆದ ಎತ್ತ ಇವತ್ತ ನನ್ನ ಕೈಲೆ ಕುಟ್ಟಸ್ತೀರೇನ? ನನಗೂ ಹೆಂಡ್ತಿ ಮಕ್ಕಳ ಅದಾರ್ರಿ!”

ಒಳಗಿನಿಂದ ಇನ್ನೊಬ್ಬರು ಬಂದರು. ಅವರೂ ಎತ್ತುಗಳಿಗೆ ಕೈಮುಗಿದು ಒಳಗೇ ಹೋದರು. ನಾನು ಗೋಗರೆದೆ. ಕೊನೆಗೆ ಕನ್ನಡಕದವರು ಕರಗಿದರು. “ಗ್ವಾದಲಿ ಬೇಕಾದ್ರ ಕೊಡ್ರಿ. ಅದಕ್ಕ ಜೀವ ಇಲ್ಲ.”

ಜೋಳದ ಕಾಳು ಆರಿಸಿ ಗ್ವಾದಲಿ ಕೊಟ್ಟೆ. ಎತ್ತುಗಳನ್ನು ಭಕ್ತಿಯಿಂದ ನೀರಿಗೆ ಬಿಟ್ಟು ಮನೆಗೆ ಬಂದೆ.

ವರದಿ ಬರುವವರೆಗೆ ಈರಣ್ಣ ದಿನಾ ಫೋನ್ ಮಾಡುತ್ತಿದ್ದ. “ಮಾಮಾ, ಬಿತ್ತೂ ಹದ ಹೊಂಟೈತಿ. ಅವ್ವ ಹಾಕಿಸಿದ ಭತ್ತದ ಸಸಿ ಬಲೀಲಿಕತ್ತಾವ. ಹೊಲಾ ಖಾಲಿ ಉಳೀತು ಅಂದ್ರ ಈ ವರ್ಷ ಏನ ತಿನ್ನೂಣು?” ಅತ್ತೆ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು, ಮಾತಾಡುತ್ತಿರಲಿಲ್ಲ. ಆ ಮೌನದ ಎದುರು ಊಟ ಮಾಡುವುದು ಕಷ್ಟವಾಗಿತ್ತು.

ಅಂತೂ ವರದಿ ಬಂತು. ಎಂಥ ವರದಿ! ಸಾವಯವ ಅಂಶ ಹೇರಳ. ಪೋಷಕಾಂಶ ಸಮೃದ್ಧ. ಮಣ್ಣು ಹದವಾಗಿದೆ, ಯಾವ ಏಕದಳ ಧಾನ್ಯಕ್ಕೂ ಅತ್ಯುತ್ತಮ. ಈರಣ್ಣನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನಡುಮನೆಯ ಮಧ್ಯದಲ್ಲಿ ನಿಂತು ಗಟ್ಟಿಯಾಗಿ ಓದಿದೆ.

ಈರಣ್ಣ ನಂಬಲಿಲ್ಲ. “ಖರೇನ ಮಾಮಾ? ಆ ಹೊಲಕ್ಕ ಎಷ್ಟೋ ವರ್ಷದಿಂದ ಬುಟ್ಟಿ ಗೊಬ್ಬರ ಬಿದ್ದಿಲ್ಲ.”

“ಗ್ವಾದಲಿ ಕುಟ್ಟಿ ನೋಡಿ ಬರದಾರಪಾ!”

ಅತ್ತೆ ತಲೆ ಎತ್ತಿದರು. “ಗ್ವಾದಲಿ ಕೊಟ್ರೇನು? ಅಯ್ಯ ನಮ್ಮಪ್ಪಾ! ನೀವು ತಂದ ಮಣ್ಣ ಎತ್ತಿಗೇ ಮುಗೀತು. ಗ್ವಾದಲಿಗೆ ನಾ ಟೆರೇಸ ಮ್ಯಾಲಿನ ಗುಲಾಬಿ ಕುಂಡ್ಯಾಗಿಂದು ತಗೊಂಡೆ.”

ಈರಣ್ಣ ನಕ್ಕ ನಗುವಿಗೆ ಸ್ಪೀಕರ್ ಒಡೆಯುವಂತಾಯಿತು. ಅತ್ತೆ ಫೋನನ್ನು ನನ್ನ ಕೈಯಿಂದ ಕಸಿದುಕೊಂಡರು.

“ಈರಾ, ಕೇಳಿದೇನೋ ನಿಮ್ಮ ಮಾಮಾನ ಕತಿ!”

“ಕೇಳಿದೆ ಬೇ ಅವ್ವಾ. ನೀ ಬಾ ಇನ್ನ. ನೀರ ನಿಲ್ಲೂ ತೆಳಗಿನ ಬಾಜೂಕ ಭತ್ತ ಹಚ್ಚೂಣು, ಮ್ಯಾಲಿನ ಬಾಜೂಕ ಗೋವಿನಜೋಳ ಹಾಕೂಣು. ಮಾಮಾನ್ನ ಮಾತ್ರ ಕರಕೊಂಡ ಬರಬ್ಯಾಡ.”

ಅತ್ತೆ ಮರುದಿನವೇ ನಂದಗಡದ ಬಸ್ಸು ಹತ್ತಿದರು. ಹೊಲ ಹಸಿರಾಗಿದೆಯಂತೆ. ನಾನು ನೋಡಿಲ್ಲ, ಅವರು ಕರೆದಿಲ್ಲ.

ಧಾನ್ಯ ಬೆಳೆಯಲು ಅತ್ಯುತ್ತಮವೆಂದು ಲಿಖಿತವಾಗಿ ಸಾಬೀತಾದ ನನ್ನ ಭೂಮಿ ಈಗ ಟೆರೇಸಿನ ಮೇಲೆ, ಒಂದು ಕುಂಡದಲ್ಲಿದೆ. ಬುಡದ ಮಣ್ಣು ಹೋದದ್ದರಿಂದ ಗುಲಾಬಿ ಒಣಗಿತು. ಶಾಂತಾ ಅದರಲ್ಲಿ ನನ್ನಿಂದಲೇ ಗೋವಿನಜೋಳ ಊರಿಸಿದ್ದಾಳೆ.

ಅದೂ ಹುಟ್ಟಿಲ್ಲ!