ಬಾಡಿಗೆದಾರರನ್ನು ಬಿಟ್ಟು ಬರೀ ಮನೆ ಕೊಂಡದ್ದು

ರಾಜಾಜಿನಗರದ ಈ ಹಳೆಯ ಮನೆಗೆ ನಾನು ಕೊಟ್ಟದ್ದು ಮೂರು ಕೋಟಿ ಹತ್ತು ಲಕ್ಷ. ಕೇಳಿದ್ದು ಮೂರೂವರೆ ಕೋಟಿ. ನಡುವಿನ ನಲವತ್ತು ಲಕ್ಷ ಹೇಗೆ ಉಳಿಯಿತು ಎಂದು ಯಾರಾದರೂ ಕೇಳಲಿ ಎಂದೇ ಮದುವೆಮನೆಗಳ ಪಂಕ್ತಿಯಲ್ಲಿ ಕೂತು ಮನೆಯ ಮಾತು ತೆಗೆಯುತ್ತಿದ್ದೆ. ಈಗ ತೆಗೆಯುವುದಿಲ್ಲ. ನಾಯಂಡಹಳ್ಳಿಯ ಗೋಡೌನಿನಲ್ಲಿ ಕೆಡವಿದ ಮನೆಗಳ ಬಾಗಿಲು, ಕಿಟಕಿ ಮಾರಿ ಮೇಲೆ ಬಂದವನು ನಾನು. ತೇಗದ ಬಾಗಿಲು ಕೊಳ್ಳುವಾಗ ಅದನ್ನು ಹೊಗಳಬಾರದು. ಬೆರಳಿನಿಂದ ತಟ್ಟಿ, ಮುಖ ಸಿಂಡರಿಸಿ, 'ಒಳಗೆ ಟೊಳ್ಳಾಗಿದೆ' ಅನ್ನಬೇಕು. ನನ್ನ ಸಂಸಾರ ನಡೆದದ್ದೇ ಆ ಮುಖದಿಂದ. ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡುವಾಗಲೂ ಅದೇ ಮುಖ ಬರುತ್ತದೆ ಎಂಬುದು ಹೆಂಡತಿಯ ದೂರು.

ಮನೆ ಮಾರಿದ ವಿಶಾಲಾಕ್ಷಮ್ಮನವರು ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಅವರ ತಂದೆ ಕಟ್ಟಿಸಿದ ಮನೆ. ಆ ಕಾಲದಲ್ಲಿ ಮೂವರು ಹೆಸರಾಂತರು ಅಲ್ಲಿ ಬಾಡಿಗೆಗಿದ್ದರಂತೆ. ಆಕೆ ಅಭಿಮಾನದಿಂದ ಹೇಳುತ್ತಾ ಹೋದರು, ನಾನು ಮುಖ ಸಿಂಡರಿಸುತ್ತಾ ಹೋದೆ. 'ಹಿಂದಿನ ಪೋರ್ಷನ್‌ನಲ್ಲಿ ದೊಡ್ಡ ದೊಡ್ಡ ಕುಸ್ತಿ ಗೆದ್ದ ಪೈಲ್ವಾನರಿದ್ರು' ಎಂದರು. 'ಅದಕ್ಕೇ ಮೇಡಂ ನೆಲ ಕುಸಿದಿರೋದು' ಎಂದೆ. 'ಕೆಳಗೆ ಸಂಗೀತ ವಿದ್ವಾಂಸರು.' 'ಗೋಡೆ ಯಾಕೆ ಬಿರುಕು ಬಿಟ್ಟಿದೆ ಅಂತ ಈಗ ಗೊತ್ತಾಯ್ತು.' 'ಮಹಡೀಲಿ ನಾಟಕ ಕಂಪನಿಯ ರಾಜಪಾರ್ಟಿನವರು.' 'ಬಾಡಿಗೆ ಸರಿಯಾಗಿ ಕೊಡ್ತಿದ್ರಾ?' ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. 'ಈ ಹೆಸರುಗಳನ್ನ ನೋಡಿ ಬ್ಯಾಂಕಿನೋರು ಸಾಲ ಕೊಡಲ್ಲ ಮೇಡಂ. ಇವರನ್ನೆಲ್ಲ ಬಿಟ್ಟು ಬರೀ ಮನೆಗೆ ಎಷ್ಟು ಹೇಳಿ' ಎಂದೆ. ಹೇಳಿದರು. ಬರೀ ಮನೆ ನನ್ನದಾಯಿತು.

ಕೆಳಗೆ ನಾವೇ ಸೇರಿಕೊಂಡೆವು. ಸಾಲದ ಕಂತು ಕಟ್ಟಬೇಕಾದರೆ ಮಹಡಿ ಬಾಡಿಗೆಗೆ ಹೋಗಲೇಬೇಕಿತ್ತು. ಬಂದವರೆಲ್ಲ ಹೊರಗಿನ ಕಡಿದಾದ ಮೆಟ್ಟಿಲು ನೋಡಿಯೇ ವಾಪಸ್ಸಾಗುತ್ತಿದ್ದರು. ಕೊನೆಗೆ ಧಾರವಾಡದ ಕಡೆಯ ಸಂಗೀತದ ಟೀಚರ್ ಗಿರಿಜಾ ಬಂದರು. ವಿದ್ವಾಂಸರ ವಿಷಯ ಬೀದಿಯವರಿಂದ ಕೇಳಿ, ಅದೇ ಮನೆಯಲ್ಲಿ ಪಾಠ ಶುರುಮಾಡುವ ಆಸೆ ಆಕೆಗೆ. ಹೇಳಿದ ಬಾಡಿಗೆಗೆ ಚೌಕಾಸಿಯನ್ನೂ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅದರಿಂದ ನನಗೆ ಸ್ವಲ್ಪ ಬೇಜಾರೇ ಆಯಿತು.

'ಅವರು ಎಲ್ಲಿ ಕುಂತು ಹಾಡ್ತಿದ್ರು ಸರ?'

'ಕೆಳಗೆ.'

'ಕೆಳಗ ಅಂದ್ರ ಎಲ್ಲಿ?'

'ಎಲ್ಲಾ ಕಡೆ ಹಾಡ್ತಿದ್ರು.'

'ಅಡ್ಡಾಡಕೋತ ಹಾಡ್ತಿದ್ರೇನ್ರಿ?' ಎಂದು ಆಕೆ ನನ್ನನ್ನೇ ನೋಡಿದರು. 'ಖರೇ ಏನು ಅನ್ನೂದು ಕೇಳಿ ಹೇಳ್ರಿ. ಆಮ್ಯಾಲೆ ಅಡ್ವಾನ್ಸಿನ ಮಾತು.'

ವಿಶಾಲಾಕ್ಷಮ್ಮನವರು ಈಗ ವಿಜಯನಗರದ ಫ್ಲ್ಯಾಟಿನಲ್ಲಿ ತಂಗಿಯ ಜೊತೆ ಇದ್ದಾರೆ. ಹಣ್ಣು ಹಿಡಿದುಕೊಂಡು ಹೋದೆ. 'ಫ್ಯಾನು, ಮೋಟರು, ತುಳಸಿಕಟ್ಟೆ ಎಲ್ಲಾ ಕೇಳಿ ಬರೆಸ್ಕೊಂಡ್ರಿ. ಆ ಮೂವರನ್ನ ಬೇಡ ಅಂದ್ರಿ. ಅದಕ್ಕೆ ನನ್ನ ಜೊತೇಲೇ ಕರ್ಕೊಂಡು ಬಂದುಬಿಟ್ಟೆ ಕಣಪ್ಪ' ಎಂದರು. 'ಹಳೇದು, ಇಟ್ಕೊಂಡು ಏನು ಮಾಡ್ತೀರಾ ಮೇಡಂ?' ಎಂದೆ. ಬಾಗಿಲು ಕೊಳ್ಳುವಾಗ ನಾನು ಆಡುವ ಮಾತು ಅದು. 'ಇದಕ್ಕೆ ಗೆದ್ದಲು ಹಿಡಿಯಲ್ಲ, ಇರ್ಲಿ ಬಿಡಿ' ಎಂದರು. ಒಳಗಿನಿಂದ ತಂಗಿ ನಕ್ಕದ್ದು ಕೇಳಿಸಿತು. ಆಮೇಲೆ ವಿಶಾಲಾಕ್ಷಮ್ಮನವರೇ ಷರತ್ತು ಹಾಕಿದರು. ಪ್ರತಿ ಭಾನುವಾರ ಕಾರು ಕಳಿಸಬೇಕು, ಹಳೆಯ ಮನೆಯ ಹಾಲಿನಲ್ಲಿ ಕೂರಿಸಿ ಕಾಫಿ ಕೊಡಬೇಕು, ಕೇಳುವವರಿಗೆ ಆ ಮೂವರ ಕಥೆಯನ್ನು ತಾವೇ ಹೇಳುತ್ತಾರೆ. 'ತಿಂಗಳಿಗೊಂದ್ಸಲ ಮಾಡ್ಕೊಳ್ಳೋಣ ಮೇಡಂ.' 'ಹಾಗಾದ್ರೆ ಕಾಫಿ ಜೊತೆ ತಿಂಡೀನೂ ಇರ್ಲಿ. ಭಾನುವಾರ ಭಾನುವಾರವೇ.' ನಾನು ಇಳಿಸಲು ಹೋದಷ್ಟೂ ಏರುವ ವ್ಯಾಪಾರ ನನಗೆ ಅದೇ ಮೊದಲು. ಇನ್ನೂ ಏರುವುದರೊಳಗೆ ಒಪ್ಪಿಕೊಂಡೆ.

ಮೊದಲ ಭಾನುವಾರ ಗಿರಿಜಾ ಪ್ರಶ್ನೆ ಕೇಳಿದ ಕೂಡಲೇ ವಿಶಾಲಾಕ್ಷಮ್ಮನವರು ಎದ್ದು ಹೊರಗಿನ ಮೆಟ್ಟಿಲ ಬಳಿ ಹೋಗಿ ನಿಂತರು. 'ಇಲ್ಲಿ ಕೂತ್ಕೋತಿದ್ರು ನೋಡಮ್ಮ. ರಾಜಪಾರ್ಟಿನವರು ರಾತ್ರಿಯೆಲ್ಲ ನಾಟಕ ಆಡಿ ಬೆಳಿಗ್ಗೆ ಮಲಗೋರು. ಕೆಳಗೆ ರೂಮಲ್ಲಿ ಹಾಡಿದ್ರೆ ಮೇಲಿಂದ ನೆಲ ಗುದ್ದೋರು. ಪಾಪ, ವಿದ್ವಾಂಸರು ಹೊರಗೆ ಬಂದು ಈ ಮೆಟ್ಟಿಲ ಮೇಲೆ ಮೆಲ್ಲಗೆ ಹಾಡೋರು. ಪೈಲ್ವಾನರು ತಮ್ಮ ಬಾದಾಮಿ ಹಾಲಲ್ಲಿ ಅರ್ಧ ಲೋಟ ಅವರಿಗೆ ಕೊಟ್ಟು, ಕೆಳಗಿನ ಮೆಟ್ಟಿಲಲ್ಲಿ ಕೂತು ಹಾಡು ಕೇಳ್ತಾ ಅಳೋರು.' ಗಿರಿಜಾ ಚಪ್ಪಲಿ ಬಿಟ್ಟು ಅಲ್ಲೇ ಕೂತರು. ಕಣ್ಣು ಮುಚ್ಚಿ ಆಲಾಪ ತೆಗೆದರು. ಎದುರುಮನೆಯ ಕುಕ್ಕರ್ ಕೂಗಿದರೂ ನಿಲ್ಲಿಸಲಿಲ್ಲ. ಎಲ್ಲರನ್ನೂ ಓಡಿಸಿದ್ದ ಆ ಮೆಟ್ಟಿಲ ಮೇಲೆಯೇ ಅಂದು ಅಡ್ವಾನ್ಸ್ ಕೈಗೆ ಬಂತು.

ಈಗ ಭಾನುವಾರ ಬೀದಿಯವರೂ ಬರುತ್ತಾರೆ. ಮೊನ್ನೆ ತಟ್ಟೆ ತರಲು ಅಡುಗೆಮನೆಗೆ ಹೋಗಿದ್ದೆ, ಹಾಲಿನಲ್ಲಿ ದೊಡ್ಡ ನಗು. ಇಣುಕಿದರೆ ವಿಶಾಲಾಕ್ಷಮ್ಮನವರು ಈ ಮನೆಯ ನಾಲ್ಕನೆಯ ಗಣ್ಯ ನಿವಾಸಿಯ ಕಥೆ ಶುರುಮಾಡಿದ್ದರು. ಅದು ನಾನೇ. ಆಕೆ ಎಲ್ಲಾದರೂ ತಪ್ಪಿದರೆ ನನ್ನ ಹೆಂಡತಿ ತಿದ್ದುತ್ತಿದ್ದಳು.

ಆದ್ದರಿಂದ ಹಳೆಯ ಮನೆ ಕೊಳ್ಳುವವರಿಗೆ ಒಂದು ಮಾತು. ಪೈಪನ್ನು ಹಳಿಯಿರಿ, ವೈರಿಂಗನ್ನು ಬೈಯಿರಿ, ತಾರಸಿ ಸೋರುತ್ತದೆಂದು ಗೋಳಾಡಿ, ಅವಕ್ಕೆ ಬೇಜಾರಾಗುವುದಿಲ್ಲ. ಅಲ್ಲಿ ಬಾಳಿದವರ ವಿಷಯ ಬಂದಾಗ ಮಾತ್ರ ಸುಮ್ಮನೆ ಕೂತು ಪೂರ್ತಿ ಕೇಳಿಸಿಕೊಳ್ಳಿ. ಆಗ ಅದು ಪುಕ್ಕಟೆ. ತಡಮಾಡಿದರೆ ವಾರ ವಾರ ಉಪ್ಪಿಟ್ಟು ಮಾಡಿಸಬೇಕಾಗುತ್ತದೆ, ಅದನ್ನು ಬಡಿಸುತ್ತಾ ನಿಮ್ಮ ಕಥೆಯನ್ನು ನೀವೇ ಕೇಳಬೇಕಾಗುತ್ತದೆ.