ಹಗ್ಗ ಹಿಡಿದವರಿಗೆ ಪಾಲು

ಕಡಲತೀರದ ಮೀನುಗಾರರ ಮನೆಯವಳು ಹಳೇಬೀಡು ಕಡೆಯ ಹಳ್ಳಿಗೆ ಸೊಸೆಯಾಗಿ ಬಂದರೆ ಮಾತಾಡಲು ಜನ ಸಿಗುವುದು ಕಷ್ಟ, ನೋಡಿ ನಗಲು ಮಾತ್ರ ದಿನಾ ಸಿಗುತ್ತಾರೆ.

೧. ಲಾರಿ

ನಮ್ಮಜ್ಜಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ಅಮ್ಮನ ಕಾಲಕ್ಕೆ ದೊಡ್ಡ ಬೋಟು, ಐಸ್ ಫ್ಯಾಕ್ಟರಿ ಬಂದವು. ನನ್ನ ಕಾಲಕ್ಕೆ ಮೀನು ಒಯ್ಯಲು ಅರಸೀಕೆರೆಯ ಲಾರಿ ಬಂತು. ಅದರ ಡ್ರೈವರನ್ನೇ ಕಟ್ಟಿಕೊಂಡೆ. ಈಗ ಅವರು ವಾರವಿಡೀ ನನ್ನ ತವರಲ್ಲಿ, ನಾನು ಮಗಳನ್ನು ಕಟ್ಟಿಕೊಂಡು ಅವರ ಊರಲ್ಲಿ.

ಮೊನ್ನೆ ಫೋನ್ ಮಾಡಿದರು. "ನಿಮ್ಮಮ್ಮ ಬಂಗುಡೆ ಸಾರು ಮಾಡಿದ್ರು ಕಣೇ, ನಿನ್ನ ನೆನಪಾಯ್ತು."

"ಉಣ್ಣೋಕೆ ಮುಂಚೆಯೋ, ಉಂಡಾದ ಮೇಲೋ?"

ಲೈನು ಕಟ್ಟಾಯ್ತು.

೨. ರಜೆ

ಒಂದು ವಾರ ಮಗಳನ್ನು ಬಿಟ್ಟರೆ ನನ್ನ ಜೊತೆ ಮಾತಾಡಿದ್ದು ಪಕ್ಕದ ಮನೆ ದೊಡ್ಡವ್ವ ಒಬ್ಬಳೇ, ಅದೂ ಡೈರಿಗೆ ಹಾಲು ಒಯ್ಯುವಾಗ.

"ಮಳೆಗಾಲದಲ್ಲಿ ಮೀನು ಮೊಟ್ಟೆ ಇಡ್ತವೆ. ನಮ್ಮೂರ ಬೋಟುಗಳಿಗೆಲ್ಲ ಎರಡು ತಿಂಗಳು ರಜೆ" ಅಂದೆ.

ಅವಳು ಕ್ಯಾನ್ ಕೆಳಗಿಟ್ಟು ಕೊಟ್ಟಿಗೆ ಕಡೆ ನೋಡಿದಳು. "ಮೆಲ್ಲಗೆ ಹೇಳವ್ವ. ನಮ್ಮ ಹಸ ಕೇಳಿಸ್ಕೊಂಡೀತು."

೩. ಕೆರೆ

ನಮ್ಮೂರಲ್ಲಿ ದಡದಿಂದ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಒಂದು ಪಾಲು ಮೀನು. ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಹೋದ ಬೇಸಿಗೆ ಇಲ್ಲಿನ ಕೆರೆಯಲ್ಲಿ ಗುತ್ತಿಗೆದಾರ ಬಲೆ ಎಳೆಸುತ್ತಿದ್ದ. ಮಗಳನ್ನು ಸೊಂಟದಿಂದ ಇಳಿಸಿ ನಾನೂ ಹಗ್ಗ ಹಿಡಿದೆ. ನಾಲ್ಕು ಜನರ ಜೊತೆ ಸೇರಿ ಏನಾದರೂ ಮಾಡಿ ಎಷ್ಟು ಕಾಲವಾಗಿತ್ತೋ. ಬಲೆ ದಡಕ್ಕೆ ಬಂದ ಮೇಲೆ ಸೆರಗೊಡ್ಡಿ ನಿಂತೆ.

"ಏನಮ್ಮ?"

"ನನ್ನ ಪಾಲು."

ಏರಿ ಮೇಲಿದ್ದವರೆಲ್ಲ ನಕ್ಕರು. ದೊಡ್ಡವ್ವನೂ ನಕ್ಕಳು. ಅವತ್ತು ಈರುಳ್ಳಿ ಹೆಚ್ಚುವ ಮೊದಲೇ ನನಗೆ ಕಣ್ಣೀರು ಬಂತು.

ಈ ಬೇಸಿಗೆ ಅದೇ ಗುತ್ತಿಗೆದಾರ ಬಂದ. ನಾನು ಹೋಗಿ ನೋಡುತ್ತೇನೆ, ಹಗ್ಗದ ಉದ್ದಕ್ಕೂ ನಮ್ಮ ಬೀದಿಯ ಹೆಂಗಸರು. ಕೂಲಿಯವರಿಗೇ ಕೈ ಇಡಲು ಜಾಗವಿಲ್ಲ. ನಾನು ತುದಿಯಲ್ಲಿ ಸೇರಿಕೊಂಡೆ. ಬಲೆ ದಡಕ್ಕೆ ಬಂದದ್ದೇ ಎಲ್ಲರೂ ಪಾತ್ರೆ ಒಡ್ಡಿ ನಿಂತೆವು.

"ಪಾಲಂತೆ, ಪಾಲು. ಯಾವೂರ ಪದ್ಧತಿ ಇದು?" ಅಂದ ಅವನು.

"ನಮ್ಮೂರ್ದೇ ಕಣಪ್ಪ" ಅಂದಳು ದೊಡ್ಡವ್ವ. "ಈ ಹುಡುಗಿ ಬಂದಾಗಿಂದ ಐತೆ."

ಸೋತು ಒಬ್ಬೊಬ್ಬರಿಗೂ ಒಂದೊಂದು ಮೀನು ಕೊಡುತ್ತಾ ಬಂದ. ನನ್ನ ಸರದಿ ಬರುವಷ್ಟರಲ್ಲಿ ಅವನ ಕೈ ಬಿಗಿಯಾಯಿತು, ಬುಟ್ಟಿ ಮುಚ್ಚಿಬಿಟ್ಟ. ಖಾಲಿ ಪಾತ್ರೆ ಹಿಡಿದು ಹೊರಟೆ. ದೊಡ್ಡವ್ವ ರಟ್ಟೆ ಹಿಡಿದಳು.

"ಎಲ್ಲಿಗೆ ಹೊಂಟೆ? ನಡಿ ನಮ್ಮನೆಗೆ. ಮೀನು ನಮ್ದು, ಉಜ್ಜಿ ಸಾರು ಮಾಡೋದು ನಿಂದು. ಪಾಲು ಅಂದ್ರೆ ಅದೇ ಅಲ್ವೇನವ್ವ?"